ಹೈದರಾಬಾದ್ ಮುಳುಗಿದಾಗ ಕರೆ ಹೋಗಿದ್ದು ಇವರಿಗೆ: ಪ್ರವಾಹದ ಲೆಕ್ಕ ಬಿಡಿಸಿದ ಸರ್ ಎಂ.ವಿ.

ಕಣಕುಂಬಿ (ಖಾನಾಪುರ): ಸೆಪ್ಟೆಂಬರ್ 15 ಬಂತೆಂದರೆ ಲೋಕೋಪಯೋಗಿ, ನೀರಾವರಿ, ಪಂಚಾಯತ್ ರಾಜ್ ಎಂಜಿನಿಯರಿಂಗ್ ಕಚೇರಿಗಳಲ್ಲಿ ಮೈಸೂರು ಪೇಟ ಸುತ್ತಿದ ಒಬ್ಬ ಅಜ್ಜನ ಫೋಟೋಕ್ಕೆ ಹಾರ ಬೀಳುತ್ತದೆ. ಪೇಡೆ ಹಂಚುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಮುಗಿಯಿತು. ಕನ್ನಂಬಾಡಿ ಕಟ್ಟಿದವರು ಅಂತ ಶಾಲೆ ಹುಡುಗರೂ ಹೇಳುತ್ತಾರೆ. ಆದರೆ ಹೊಳೆ ಊರೊಳಗೆ ನುಗ್ಗಿ ಸಾವಿರಾರು ಮನೆ ಬಿದ್ದಾಗ ಮುಂದೇನು ಮಾಡಬೇಕು ಅಂತ ಲೆಕ್ಕ ಹಾಕಿ ಕೊಟ್ಟವರೂ ಅವರೇ ಅನ್ನುವುದು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಮಲಪ್ರಭಾ ಹುಟ್ಟುವ ಕಣಕುಂಬಿಯಿಂದ ಹಿಡಿದು ಕೆಳಗೆ ರಾಮದುರ್ಗದ ತನಕ ಇರುವ ಜನಕ್ಕೆ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಅವರ ಬದುಕಿನ ಈ ಭಾಗವೇ ಹೆಚ್ಚು ಹತ್ತಿರದ್ದು.

1861ರ ಸೆಪ್ಟೆಂಬರ್ 15ರಂದು ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ತಂದೆ ಬೇಗನೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೈಯಲ್ಲಿ ಕಾಸಿಲ್ಲದೆ ಬೇರೆಯವರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು ದಿನ ನೂಕಿದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ ಎಂಜಿನಿಯರಿಂಗ್ ಮುಗಿಸಿದರು. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮರುವರ್ಷವೇ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಸಿಕ್ಕಿತು.

ಇಲ್ಲೊಂದು ಮಾತು ನೆನಪಿಡಬೇಕು. ಆಗ ಬೆಳಗಾವಿ, ಖಾನಾಪುರ ಎಲ್ಲ ಇದ್ದದ್ದು ಅದೇ ಮುಂಬೈ ಪ್ರಾಂತ್ಯದಲ್ಲಿ. ನಮ್ಮ ಕಡೆಯ ರಸ್ತೆ, ಸೇತುವೆ ನೋಡಿಕೊಳ್ಳುತ್ತಿದ್ದದ್ದೂ ಅದೇ ಇಲಾಖೆ. ಮೈಸೂರಿನವರು ಅವರನ್ನು ತಮ್ಮವರು ಅನ್ನುವುದು ಸರಿ, ಆದರೆ ದುಡಿಮೆಯ ಮೊದಲ 24 ವರ್ಷ ಅವರು ಸಂಬಳ ತಗೊಂಡದ್ದು ನಮ್ಮ ಅಜ್ಜಂದಿರು ಕಂದಾಯ ಕಟ್ಟಿದ ಸರ್ಕಾರದಿಂದಲೇ.

ಧುಳೆ ಕಡೆ ಮಳೆಗಾಲದಲ್ಲಿ ನಾಲೆಯ ಪೈಪ್ ಕೆಲಸ, ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ ಸಿಂಧೂ ನದಿಯ ಕೆಸರು ನೀರು ಸೋಸಿ ಊರಿಗೆ ಕೊಟ್ಟದ್ದು, ಏಡನ್ ಬಂದರಿಗೆ ನೀರು ಮತ್ತು ಚರಂಡಿ ಯೋಜನೆ, ಹೀಗೆ ಊರೂರು ಸುತ್ತಿದರು. ಇವುಗಳಲ್ಲಿ ನಿಂತು ನೋಡಬೇಕಾದದ್ದು ಪುಣೆ ಹತ್ತಿರದ ಖಡಕವಾಸ್ಲಾ. ಅಲ್ಲಿನ ಕೆರೆ ತುಂಬಿದ ಮೇಲೆ ಮಳೆಗಾಲದಲ್ಲಿ ಕೋಡಿ ಮೇಲೆ ಆಳೆತ್ತರ ನೀರು ಹರಿದು ವ್ಯರ್ಥವಾಗುತ್ತಿತ್ತು. ಬೇಸಿಗೆಯಲ್ಲಿ ನೀರಿಲ್ಲ. ಕಟ್ಟೆ ಎತ್ತರಿಸೋಣ ಅಂದರೆ ಹಳೇ ಗೋಡೆ ತಡೆಯುತ್ತದೋ ಇಲ್ಲವೋ ಅನ್ನುವ ಭಯ. ಇವರು ಗೋಡೆ ಮುಟ್ಟಲಿಲ್ಲ. ಕೋಡಿ ಮೇಲೆ ತಾವಾಗಿಯೇ ತೆರೆದುಕೊಳ್ಳುವ, ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲು ಕೂರಿಸಿದರು. ಒಂದು ಮಟ್ಟದ ತನಕ ಬಾಗಿಲು ನೀರು ತಡೆಯುತ್ತದೆ, ಆ ಮಟ್ಟ ದಾಟಿದರೆ ಯಾರೂ ಮುಟ್ಟದೆ ತೆರೆದು ಹೆಚ್ಚಿನ ನೀರು ಬಿಡುತ್ತದೆ, ಇಳಿದರೆ ಮತ್ತೆ ಮುಚ್ಚುತ್ತದೆ. ಕೆರೆಯ ಮಟ್ಟ ಸುಮಾರು 8 ಅಡಿ ಏರಿತು. ಅರ್ಧರಾತ್ರಿ ಮಳೆ ಸುರಿಯುವಾಗ ಗೇಟ್ ಎತ್ತಲು ಆಳು ಹುಡುಕುವ ಪಂಚಾಯಿತಿ ಇಲ್ಲ. ಅದಕ್ಕೆ ಪೇಟೆಂಟ್ ಸಿಕ್ಕಿತು. ಸರ್ಕಾರಿ ನೌಕರ ಅಂತ ಅದರ ಹಣ ಮಾತ್ರ ಬೇಡ ಅಂದರು.

1908ರಲ್ಲಿ ಕೆಲಸ ಬಿಟ್ಟರು. ಎಷ್ಟೇ ಕೆಲಸ ಮಾಡಿದರೂ ಭಾರತೀಯನಿಗೆ ಚೀಫ್ ಎಂಜಿನಿಯರ್ ಕುರ್ಚಿ ಸಿಗುವ ಕಾಲ ಅದಲ್ಲ ಅನ್ನುವುದು ಅವರಿಗೆ ತಿಳಿದಿತ್ತು. ಪಿಂಚಣಿಗೆ ಬೇಕಾದಷ್ಟು ವರ್ಷ ತುಂಬಿರಲಿಲ್ಲ, ಆದರೂ ಸರ್ಕಾರ ವಿಶೇಷ ಪ್ರಕರಣ ಅಂತ ಕೊಟ್ಟಿತು. ಕೈಯಲ್ಲಿ ಪಿಂಚಣಿ, ಮುಂದೆ ಯುರೋಪ್ ಪ್ರವಾಸ. ಆಗಲೇ ಹೈದರಾಬಾದಿನ ಕರೆ ಬಂದದ್ದು.

1908ರ ಸೆಪ್ಟೆಂಬರ್ 28. ಹೈದರಾಬಾದಿನ ನಡುವೆ ಹರಿಯುವ ಮೂಸಿ ನದಿ ಒಂದೇ ದಿನದಲ್ಲಿ ಊರನ್ನು ನುಂಗಿತು. ಸುಮಾರು 19 ಸಾವಿರ ಮನೆ ನೆಲಕ್ಕೊರಗಿದವು, 80 ಸಾವಿರದಷ್ಟು ಜನಕ್ಕೆ ತಲೆ ಮೇಲೆ ಸೂರಿಲ್ಲದಂತಾಯಿತು. ಸತ್ತವರು ಸಾವಿರಾರು, ಲೆಕ್ಕ ಒಂದೊಂದು ಪುಸ್ತಕದಲ್ಲಿ ಒಂದೊಂದು ತರ ಇದೆ. ಅಫ್ಜಲ್ ಗಂಜ್ ಆಸ್ಪತ್ರೆ ನೀರಿನ ಪಾಲಾಯಿತು. ಆಸ್ಪತ್ರೆ ಅಂಗಳದ ಒಂದು ಹುಣಸೆ ಮರ ಹತ್ತಿ ಕೂತ ನೂರಕ್ಕೂ ಹೆಚ್ಚು ಜನ ಬದುಕಿದರು. ಆ ಮರ ಇವತ್ತಿಗೂ ಉಸ್ಮಾನಿಯಾ ಆಸ್ಪತ್ರೆ ಆವರಣದಲ್ಲಿದೆ, ನೋಡಲು ಜನ ಹೋಗುತ್ತಾರೆ. ಆಗಿನ ನಿಜಾಮ ಮಹಬೂಬ್ ಅಲಿ ಖಾನ್ ಅರಮನೆ ಬಾಗಿಲು ತೆರೆಸಿ ನಿರಾಶ್ರಿತರಿಗೆ ಜಾಗ ಕೊಟ್ಟರು, ಗಂಜಿ ಕೇಂದ್ರ ನಡೆಸಿದರು. ಈಗಿನ ಭಾಷೆಯಲ್ಲಿ ಕಾಳಜಿ ಕೇಂದ್ರ.

1909ರ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯ ಕೆಲಸ ಶುರು ಮಾಡಿದರು. ಮೊದಲು ಕೇಳಿದ್ದು ಮಳೆಯ ಲೆಕ್ಕ. ಎಲ್ಲಿ ಎಷ್ಟು ಬಿತ್ತು, ಎಷ್ಟು ಹೊತ್ತಿನಲ್ಲಿ ಬಿತ್ತು. ಶಂಶಾಬಾದ್ ಕಡೆ 48 ಗಂಟೆಯಲ್ಲಿ ಸುಮಾರು 19 ಇಂಚು ಬಿದ್ದಿತ್ತು. ಕಣಕುಂಬಿಯವರಿಗೆ ಇದೇನು ದೊಡ್ಡದಲ್ಲ ಅನಿಸಬಹುದು. ಆದರೆ ಬಯಲು ಸೀಮೆಯ ಹಳ್ಳ ಕೆರೆಗಳಿಗೆ ಅಷ್ಟು ನೀರು ಕಂಡು ಗೊತ್ತೇ ಇರಲಿಲ್ಲ. ಆಮೇಲೆ ಕೆರೆ ಎಣಿಸಿದರು. ಮೂಸಿಗೆ ನೀರು ಹರಿದು ಬರುವ 860 ಚದರ ಮೈಲಿ ಜಾಗದಲ್ಲಿ 788 ಕೆರೆ, ಅಂದರೆ ಹೆಚ್ಚುಕಡಿಮೆ ಮೈಲಿಗೊಂದು. ಅದರಲ್ಲಿ 221 ಒಡೆದಿದ್ದವು. ಮೇಲಿನದು ಒಡೆದು ಕೆಳಗಿನದರ ಮೇಲೆ ಬಿತ್ತು, ಅದು ಒಡೆದು ಇನ್ನೂ ಕೆಳಗಿನದರ ಮೇಲೆ. ಊರಿಗೆ ಬಂದದ್ದು ಬರೀ ಮಳೆ ನೀರಲ್ಲ, ಒಡೆದ ಕೆರೆಗಳ ಸಾಲು ಅನ್ನುವುದು ಆಗ ಗೊತ್ತಾಯಿತು.

ದೇವರ ಕೋಪ ಅಂತ ಎಲ್ಲರೂ ಕೈ ಮುಗಿದು ಕೂತಿದ್ದ ವಿಷಯಕ್ಕೆ ಅವರು ಅಂಕಿ ಕೊಟ್ಟರು. ಅಂಕಿ ಸಿಕ್ಕಿದ ಮೇಲೆ ದಾರಿಯೂ ಸಿಕ್ಕಿತು. ಊರಿಗಿಂತ ಮೇಲೆ, ಕೆಲವೇ ಮೈಲಿ ದೂರದಲ್ಲಿ ಎರಡು ಜಲಾಶಯ. ಒಂದು ಮೂಸಿಗೆ, ಇನ್ನೊಂದು ಅದರ ಉಪನದಿ ಈಸಿಗೆ. ದೊಡ್ಡ ನೆರೆ ಬಂದಾಗ ನೀರನ್ನು ಅಲ್ಲೇ ಹಿಡಿದು, ಊರು ತಾಳುವಷ್ಟೇ ಕೆಳಗೆ ಬಿಡುವುದು. ಉಳಿದ ದಿನ ಅದೇ ನೀರು ಕುಡಿಯಲು. ಊರೊಳಗೆ ನದಿ ದಂಡೆ ಎತ್ತರಿಸಬೇಕು, ದಂಡೆ ಮೇಲೆ ಮನೆ ಬೇಡ, ರಸ್ತೆ ಮತ್ತು ಉದ್ಯಾನ ಇರಲಿ, ಚರಂಡಿ ಸರಿಯಾಗಲಿ. 1909ರ ಅಕ್ಟೋಬರ್‌ನಲ್ಲಿ ವರದಿ ಕೈಗಿಟ್ಟರು. ಆರು ತಿಂಗಳು, ಅಷ್ಟೇ. ಈಗ ಒಂದು ಸಮಿತಿ ರಚನೆಯಾಗಿ ಮೊದಲ ಸಭೆ ಕೂಡುವಷ್ಟರಲ್ಲೇ ಅಷ್ಟು ಕಾಲ ಕಳೆದಿರುತ್ತದೆ.

ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನಡುವೆ 1912ರಲ್ಲಿ ಹೈದರಾಬಾದ್ ನಗರ ಸುಧಾರಣಾ ಮಂಡಳಿ ಬಂತು. ಮೂಸಿ ದಂಡೆಯ ಇಕ್ಕಟ್ಟಿನ ಗುಡಿಸಲು ಓಣಿ ತೆಗೆದು ಬಡವರಿಗೆ ಬೇರೆ ಕಡೆ ಮನೆ ಕಟ್ಟಿಕೊಡುವ ಕೆಲಸ ಆ ಮಂಡಳಿ ಮಾಡಿತು. ಪ್ರವಾಹ ತಡೆಯುವುದು, ಮನೆ ಕೊಡುವುದು ಎರಡೂ ಒಂದೇ ಕೆಲಸದ ಎರಡು ತುದಿ ಅನ್ನುವುದು ಅಲ್ಲಿ ಕಂಡಿತು. ಮುಂದೆ ಚರಂಡಿ ಕೆಲಸಕ್ಕೆ ಅಂತ ಅವರು ಮತ್ತೆ ಹೈದರಾಬಾದಿಗೆ ಹೋಗಿ ಬಂದರು. ಈಗ ಆ ಊರು ಜಲಾಶಯಗಳ ಬುಡದ ತನಕ ಬೆಳೆದಿದೆ, ನಾಲೆ ಮೇಲೆಲ್ಲ ಕಟ್ಟಡ. 2020ರ ಅಕ್ಟೋಬರ್ ಮಳೆಗೆ ಬಡಾವಣೆಗಟ್ಟಲೆ ಮುಳುಗಿದವು. ಅದಕ್ಕೆ ಬಹುಶಃ ಅವರನ್ನು ದೂರಲಾಗದು.

ಇತ್ತ ಮೈಸೂರಿನಲ್ಲಿ 1909ರ ನವೆಂಬರ್‌ನಲ್ಲಿ ಚೀಫ್ ಎಂಜಿನಿಯರ್ ಆದರು, 1912ರಿಂದ 1918ರ ತನಕ ದಿವಾನರು. ಭದ್ರಾವತಿ ಕಬ್ಬಿಣ, ಮೈಸೂರು ವಿಶ್ವವಿದ್ಯಾಲಯ, ಮೈಸೂರು ಬ್ಯಾಂಕ್, ಸಾಬೂನು ಎಲ್ಲ ಪಠ್ಯಪುಸ್ತಕದಲ್ಲಿ ಇದ್ದದ್ದೇ. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಷಯದಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ನಿಲುವು ಬೇರೆ, ಇವರದು ಬೇರೆ. ಹುದ್ದೆ ಬಿಡಲು ಅದೂ ಕಾರಣ. ಈ ಮಾತನ್ನು ಹಾರ ಹಾಕುವ ದಿನ ಯಾರೂ ಎತ್ತುವುದಿಲ್ಲ, ಆದರೆ ಮಹಾರಾಜರೇ ಸರಿ ಅಂತ ಇವತ್ತು ಅನೇಕರಿಗೆ ಅನಿಸುತ್ತದೆ.

ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಶುರುವಾಯಿತು. ಮಂಡ್ಯ ಸೀಮೆ ಹಸಿರಾದದ್ದು ನಿಜ. ಹಳೇ ಕನ್ನಂಬಾಡಿ ಊರು, ಅದರ ವೇಣುಗೋಪಾಲ ಗುಡಿ ಸಮೇತ ನೀರಿನಡಿ ಹೋದದ್ದೂ ನಿಜ. ನೀರು ಇಳಿದ ಬರಗಾಲದಲ್ಲಿ ಗುಡಿ ತಲೆ ಎತ್ತುತ್ತಿತ್ತು, ಜನ ಹೋಗಿ ನೋಡಿ ಬರುತ್ತಿದ್ದರು. ಎಷ್ಟೋ ವರ್ಷದ ಮೇಲೆ ಅದನ್ನು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ಮನೆ ಕಳೆದುಕೊಂಡವರ ದುಃಖ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಸವದತ್ತಿ ತಾಲೂಕಿನ ನವಿಲುತೀರ್ಥ ಅಣೆಕಟ್ಟೆಯ ಹಿನ್ನೀರಿನಲ್ಲಿ ಹೊಲ ಮನೆ ಬಿಟ್ಟು ಬಂದವರ ಮಕ್ಕಳು ಇನ್ನೂ ಇದ್ದಾರೆ.

2019ರ ಆಗಸ್ಟ್ ಯಾರೂ ಮರೆತಿಲ್ಲ. ಕಣಕುಂಬಿ, ಜಾಂಬೋಟಿ ಕಡೆ ಸುರಿದ ಮಳೆ ಖಾನಾಪುರ ದಾಟಿ ನವಿಲುತೀರ್ಥ ತುಂಬಿಸಿತು, ಅಲ್ಲಿಂದ ಬಿಟ್ಟ ನೀರು ರಾಮದುರ್ಗ, ಕೊಣ್ಣೂರು, ಬಾದಾಮಿ ತನಕ ಮನೆ ಕೆಡವಿತು. ಬೆಳಗಾವಿ ಶಹರದಲ್ಲಿ ಬಳ್ಳಾರಿ ನಾಲೆ ಉಕ್ಕಿತು. ಮಣ್ಣಿನ ಗೋಡೆ, ಹಂಚಿನ ಮನೆಗಳು ತಾಲೂಕಿನ ತುಂಬ ಕುಸಿದವು. ಆಗ ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಶೇ. 75ಕ್ಕಿಂತ ಹೆಚ್ಚು ಹಾನಿಯಾದರೆ ಎ, 25ರಿಂದ 75 ಬಿ, 15ರಿಂದ 25 ಸಿ. ಎ ಆದರೆ 5 ಲಕ್ಷ ರೂಪಾಯಿ, ಸಿ ಆದರೆ 50 ಸಾವಿರ. ತಲಾಠಿ ಜೊತೆ ಬಂದ ಎಂಜಿನಿಯರ್ ಬರೆದ ಒಂದು ಅಂಕಿಯ ಮೇಲೆ ಒಂದು ಕುಟುಂಬಕ್ಕೆ ಹೊಸ ಮನೆಯೋ, ಹಳೇ ಗೋಡೆಗೆ ತೇಪೆಯೋ ಅನ್ನುವುದು ನಿಂತಿತ್ತು. ನಿಂತ ಗೋಡೆ ಹಸಿಯಾಗಿ ಒಂದು ವಾರದ ಮೇಲೆ ಬಿದ್ದರೆ ಕಾಗದದಲ್ಲಿ ಸಿ ಅಂತಲೇ ಉಳಿಯುವ ಅಪಾಯ ಇತ್ತು. ಅದಕ್ಕೇ ಗೋಡೆ ಬಿದ್ದ ದಿನವೇ ಫೋಟೋ ತೆಗೆದಿಟ್ಟು, ತಲಾಠಿಗೆ ಅರ್ಜಿ ಕೊಟ್ಟು, ಪಂಚನಾಮೆ ಆಗುವ ತನಕ ಬಿದ್ದದ್ದನ್ನು ಎತ್ತಬಾರದು. ಅಂಗಡಿಕಾರರಿಗೂ ಇದೇ ಮಾತು. ತುರ್ತಿಗೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077, ಪೊಲೀಸ್ ಮತ್ತು ಅಗ್ನಿಶಾಮಕಕ್ಕೆ 112. ಭೀಮಗಡ ಕಾಡೊಳಗಿನ ಆಮಗಾಂವ, ಗವಾಳಿಯಂಥ ಊರಿನವರಿಗೆ ಮಳೆಗಾಲದಲ್ಲಿ ನಂಬರ್ ಇದ್ದರೂ ನೆಟ್‌ವರ್ಕ್ ಸಿಗುವುದು ಕಷ್ಟ. ಅಲ್ಲಿ ಜೂನ್‌ಗೆ ಮೊದಲೇ ಕಾಳು, ಔಷಧ ಕೂಡಿಟ್ಟುಕೊಳ್ಳುವುದೇ ರೂಢಿ.

ವಿಶ್ವೇಶ್ವರಯ್ಯ ಅವರಿಗೆ ಪ್ರವಾಹದ ಕೆಲಸ ಹೈದರಾಬಾದಿಗೆ ಮುಗಿಯಲಿಲ್ಲ. 1937ರಲ್ಲಿ ಒಡಿಶಾದಲ್ಲಿ ಮಹಾನದಿ ಉಕ್ಕಿದಾಗ ಮತ್ತೆ ಇವರ ಸಲಹೆ ಕೇಳಿದರು. ವಯಸ್ಸು 76. ಮೊದಲು ನದಿಯ ಸರಿಯಾದ ಸಮೀಕ್ಷೆ ಆಗಲಿ, ಆಮೇಲೆ ಮೇಲ್ಭಾಗದಲ್ಲಿ ಜಲಾಶಯ ಅನ್ನುವುದು ಅವರ ಸಲಹೆಯ ತಿರುಳು. ಹಿರಾಕುಡ್ ಅಣೆಕಟ್ಟೆಯ ಇತಿಹಾಸ ಬರೆಯುವವರು ಅಲ್ಲಿಂದಲೇ ಶುರು ಮಾಡುತ್ತಾರೆ. ಅದು ಮುಗಿದದ್ದು 1957ರಲ್ಲಿ. ಅಲ್ಲಿಯೂ ಲಕ್ಷದಷ್ಟು ಜನ ಊರು ಬಿಟ್ಟರು.

1955ರಲ್ಲಿ ಭಾರತ ರತ್ನ ಬಂತು. ನೂರು ತುಂಬಿದಾಗ ದೇಶವೇ ಹಬ್ಬ ಮಾಡಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟೆ ಪೂರ್ತಿಯಾಗಲು ಇನ್ನೂ ಹತ್ತು ವರ್ಷದ ಮೇಲಿತ್ತು. ಅವರ ಸಮಾಧಿ ಹುಟ್ಟೂರು ಮುದ್ದೇನಹಳ್ಳಿಯಲ್ಲೇ ಇದೆ, ಹುಟ್ಟಿದ ಮನೆಯನ್ನೂ ಹಾಗೇ ಕಾಪಾಡಿ ಇಟ್ಟಿದ್ದಾರೆ.