ಅಲನ್ ಟ್ಯೂರಿಂಗ್

ಅಲನ್ ಮ್ಯಾಥಿಸನ್ ಟ್ಯೂರಿಂಗ್ (ಜೂನ್ 23, 1912 – ಜೂನ್ 7, 1954) ಇಂಗ್ಲೆಂಡಿನ ಗಣಿತಜ್ಞ, ತರ್ಕಶಾಸ್ತ್ರಜ್ಞ ಹಾಗೂ ಗೂಢಲಿಪಿ ತಜ್ಞ. ಗಣಕ ವಿಜ್ಞಾನದ ಸೈದ್ಧಾಂತಿಕ ತಳಹದಿಯನ್ನು ರೂಪಿಸಿದವರಲ್ಲಿ ಇವರು ಪ್ರಮುಖರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಎನಿಗ್ಮಾ ಯಂತ್ರದ ಸಂದೇಶಗಳನ್ನು ಭೇದಿಸುವ ಕಾರ್ಯದಲ್ಲಿ ಮುಖ್ಯ ಪಾತ್ರ ವಹಿಸಿದರು. ಗಣಕ ಜಾಲಗಳ ಸುರಕ್ಷತೆಯನ್ನು ಕಲಿಯಲು ತೊಡಗುವವರಿಗೆ ಇವರ ಯುದ್ಧಕಾಲದ ಕೆಲಸ ಇಂದಿಗೂ ಉಪಯುಕ್ತವಾದ ಮೊದಲ ಪಾಠವಾಗಿದೆ. ಗಣಿತದ ದೃಷ್ಟಿಯಿಂದ ಬಲವಾಗಿ ಕಾಣುವ ವ್ಯವಸ್ಥೆಯೂ ಅದನ್ನು ಬಳಸುವ ರೀತಿಯಿಂದ ಹೇಗೆ ದುರ್ಬಲವಾಗುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣಸಿಗುತ್ತದೆ.

ಜನನ ಮತ್ತು ಬಾಲ್ಯ

ಟ್ಯೂರಿಂಗ್ ಲಂಡನ್ನಿನ ಮೇಡಾ ವೇಲ್‌ನಲ್ಲಿ ಜನಿಸಿದರು. ಆದರೆ ಅವರ ಕುಟುಂಬದ ಬದುಕು ದಕ್ಷಿಣ ಭಾರತದೊಡನೆ ಹೆಣೆದುಕೊಂಡಿತ್ತು. ತಂದೆ ಜೂಲಿಯಸ್ ಟ್ಯೂರಿಂಗ್ ಮದ್ರಾಸ್ ಪ್ರಾಂತದಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್ ಅಧಿಕಾರಿಯಾಗಿದ್ದರು. ಸೇವೆಯ ಆರಂಭದ ವರ್ಷಗಳನ್ನು ಅವರು ಬಳ್ಳಾರಿ, ಕರ್ನೂಲು ಮತ್ತು ವಿಶಾಖಪಟ್ಟಣ ಜಿಲ್ಲೆಗಳಲ್ಲಿ ಕಳೆದರು. ಈಗ ಕರ್ನಾಟಕದಲ್ಲಿರುವ ಬಳ್ಳಾರಿ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ತಾಯಿ ಎಥೆಲ್ ಸಾರಾ ಸ್ಟೋನಿ ಪೋದನೂರಿನಲ್ಲಿ ಹುಟ್ಟಿದವರು. ಆಕೆಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್. ಅಲನ್‌ರ ಅಣ್ಣ ಜಾನ್ ಹುಟ್ಟಿದ್ದು ಕೂನೂರಿನಲ್ಲಿ. ಮಕ್ಕಳಿಬ್ಬರನ್ನೂ ಇಂಗ್ಲೆಂಡಿನ ಒಂದು ಸೈನಿಕ ದಂಪತಿಗಳ ಮನೆಯಲ್ಲಿ ಬಿಟ್ಟು ತಂದೆತಾಯಿಗಳು ಭಾರತಕ್ಕೂ ಇಂಗ್ಲೆಂಡಿಗೂ ಓಡಾಡುತ್ತಿದ್ದರು. ಹೀಗಾಗಿ ಅಲನ್ ಬಾಲ್ಯದ ಬಹುಭಾಗವನ್ನು ಅವರಿಂದ ದೂರವಾಗಿಯೇ ಕಳೆದರು.

ಶಿಕ್ಷಣ

1926ರಲ್ಲಿ ಶೆರ್‌ಬೋರ್ನ್ ಶಾಲೆಗೆ ಸೇರಬೇಕಾದ ದಿನ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಮುಷ್ಕರ ನಡೆದಿತ್ತು. ರೈಲುಗಳಿಲ್ಲದ ಕಾರಣ 13 ವರ್ಷದ ಟ್ಯೂರಿಂಗ್ ಸೌತಾಂಪ್ಟನ್ನಿನಿಂದ ಸುಮಾರು 97 ಕಿ.ಮೀ. ದೂರವನ್ನು ಸೈಕಲ್ಲಿನಲ್ಲಿ ಕ್ರಮಿಸಿ ಶಾಲೆ ತಲುಪಿದರು. ಅಲ್ಲಿ ಆತ್ಮೀಯನಾದ ಸಹಪಾಠಿ ಕ್ರಿಸ್ಟೋಫರ್ ಮಾರ್ಕಮ್ 1930ರಲ್ಲಿ ಕ್ಷಯರೋಗದಿಂದ ತೀರಿಕೊಂಡದ್ದು ಅವರನ್ನು ಆಳವಾಗಿ ಕಲಕಿತು.

1931ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಸೇರಿದರು. 1936ರಲ್ಲಿ ಮಂಡಿಸಿದ ಪ್ರಬಂಧದಲ್ಲಿ, ಉದ್ದನೆಯ ಪಟ್ಟಿಯ ಮೇಲೆ ಒಂದೊಂದೇ ಚಿಹ್ನೆಯನ್ನು ಓದಿ, ಬರೆದು, ಅಳಿಸುವ ಒಂದು ಕಾಲ್ಪನಿಕ ಯಂತ್ರವನ್ನು ವಿವರಿಸಿದರು. ಇದೇ ಮುಂದೆ ಟ್ಯೂರಿಂಗ್ ಯಂತ್ರವೆಂದು ಹೆಸರಾಯಿತು. ಬಳಿಕ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಅಲೊಂಜೊ ಚರ್ಚ್‌ರ ಮಾರ್ಗದರ್ಶನದಲ್ಲಿ 1938ರಲ್ಲಿ ಡಾಕ್ಟರೇಟ್ ಪಡೆದರು.

ಎನಿಗ್ಮಾ ಮತ್ತು ಬ್ಲೆಚ್ಲಿ ಪಾರ್ಕ್

1939ರ ಸೆಪ್ಟೆಂಬರ್ 4ರಂದು, ಬ್ರಿಟನ್ ಯುದ್ಧ ಸಾರಿದ ಮರುದಿನ, ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್‌ನ ಗೂಢಲಿಪಿ ಕೇಂದ್ರಕ್ಕೆ ಹಾಜರಾದರು. ಎನಿಗ್ಮಾವನ್ನು ಮೊದಲು ಭೇದಿಸಿದವರು ಪೋಲೆಂಡಿನ ಗಣಿತಜ್ಞರು ಎಂಬುದನ್ನು ಅನೇಕ ಜನಪ್ರಿಯ ಬರಹಗಳು ಮರೆಯುತ್ತವೆ. ಮರಿಯನ್ ರೆಯೆವ್‌ಸ್ಕಿ 1932ರ ಕೊನೆಯಲ್ಲಿಯೇ ಯಂತ್ರದ ಒಳರಚನೆಯನ್ನು ಲೆಕ್ಕದಿಂದ ಕಂಡುಕೊಂಡಿದ್ದರು. 1939ರ ಜುಲೈನಲ್ಲಿ ಪೋಲೆಂಡ್ ಆ ಜ್ಞಾನವನ್ನು ಬ್ರಿಟನ್ ಮತ್ತು ಫ್ರಾನ್ಸ್‌ಗಳಿಗೆ ಒಪ್ಪಿಸಿತು.

ಎನಿಗ್ಮಾ ನೋಡಲು ಬೆರಳಚ್ಚು ಯಂತ್ರದಂತಿತ್ತು. ಒಂದು ಅಕ್ಷರವನ್ನು ಒತ್ತಿದರೆ ವಿದ್ಯುತ್ತು ಮೂರು ಚಕ್ರಗಳ ಮೂಲಕ ಹಾದು ಬೇರೊಂದು ಅಕ್ಷರದ ದೀಪವನ್ನು ಬೆಳಗಿಸುತ್ತಿತ್ತು. ಪ್ರತಿ ಒತ್ತಿಗೂ ಚಕ್ರ ತಿರುಗುವುದರಿಂದ ಅದೇ ಅಕ್ಷರ ಮುಂದಿನ ಸಲ ಬೇರೆಯಾಗಿ ಬರುತ್ತಿತ್ತು. ಐದು ಚಕ್ರಗಳಿಂದ ಮೂರನ್ನು ಆರಿಸಿ ಜೋಡಿಸುವ ಕ್ರಮಗಳು 60, ಅವುಗಳ ಆರಂಭಿಕ ಸ್ಥಾನಗಳು 17,576, ಮುಂಭಾಗದ ಫಲಕದಲ್ಲಿ 10 ತಂತಿಗಳನ್ನು ಸಿಕ್ಕಿಸುವ ವಿಧಾನಗಳು ಸುಮಾರು 150 ಲಕ್ಷ ಕೋಟಿ. ಈ ಮೂರನ್ನೂ ಗುಣಿಸಿದರೆ ಬರುವಷ್ಟು ಕೀಲಿಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಅಸಾಧ್ಯ. ಜರ್ಮನರ ಭರವಸೆ ನಿಂತಿದ್ದುದು ಈ ಸಂಖ್ಯೆಯ ಮೇಲೆಯೇ.

ಟ್ಯೂರಿಂಗ್ ಕೀಲಿಗಳನ್ನು ಎಣಿಸಲು ಹೋಗಲಿಲ್ಲ. ಯಂತ್ರದ ರಚನೆಯಲ್ಲಿದ್ದ ಒಂದು ದೋಷವನ್ನೂ ಅದನ್ನು ಬಳಸುವವರ ಅಭ್ಯಾಸಗಳನ್ನೂ ಆಧಾರವಾಗಿ ಹಿಡಿದರು. ಎನಿಗ್ಮಾದಲ್ಲಿ ಯಾವ ಅಕ್ಷರವೂ ತಾನೇ ತಾನಾಗಿ ಹೊರಬರುವಂತಿರಲಿಲ್ಲ. ಜೊತೆಗೆ ಸೈನಿಕ ಸಂದೇಶಗಳಲ್ಲಿ ಪದೇ ಪದೇ ಬರುವ ಪದಗಳನ್ನು ಮೊದಲೇ ಊಹಿಸಬಹುದಾಗಿತ್ತು.

ಇದನ್ನು ಕೊಡಗಿನ ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಮಳೆಗಾಲದಲ್ಲಿ ಮಡಿಕೇರಿಯಿಂದ ವಿರಾಜಪೇಟೆಗೆ ಪ್ರತಿದಿನ ಬೆಳಿಗ್ಗೆ ಗೂಢಲಿಪಿಯಲ್ಲಿ ಹವಾಮಾನ ವರದಿ ಹೋಗುತ್ತದೆಂದು ಭಾವಿಸೋಣ. ಅದರಲ್ಲಿ ಮಡಿಕೇರಿ ಎಂಬ ಪದ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಕದ್ದು ಕೇಳಿದವನು ಮ-ಡಿ-ಕೇ-ರಿ ಎಂಬ ನಾಲ್ಕು ಅಕ್ಷರಗಳನ್ನು ಗೂಢ ಸಂದೇಶದ ಕೆಳಗಿಟ್ಟು ಒಂದೊಂದೇ ಸ್ಥಾನ ಸರಿಸುತ್ತಾನೆ. ಮೇಲಿನ ಸಾಲಿನಲ್ಲಿ ಲ-ಗಿ-ಕೇ-ಪು ಎಂದಿದ್ದರೆ ಮೂರನೆಯ ಅಕ್ಷರ ಎರಡೂ ಕಡೆ ಕೇ ಆಗುತ್ತದೆ. ಯಂತ್ರದಲ್ಲಿ ಹಾಗಾಗುವುದು ಸಾಧ್ಯವಿಲ್ಲದ ಕಾರಣ ಆ ಸ್ಥಾನವನ್ನು ಬಿಡಬಹುದು. ಉಳಿಯುವ ಸ್ಥಾನಗಳಲ್ಲಿ ಒಂದು ಸರಿಯಾಗಿರುತ್ತದೆ. ಮಡಿಕೇರಿಯ ಮಳೆಯಷ್ಟು ಖಚಿತವಾದ ಸಂಗತಿಯನ್ನು ದಿನವೂ ಒಂದೇ ಮಾತಿನಲ್ಲಿ ವರದಿ ಮಾಡುವವನು ತನಗರಿವಿಲ್ಲದೆ ಬೀಗದ ಅಚ್ಚನ್ನು ಶತ್ರುವಿನ ಕೈಗಿಡುತ್ತಾನೆ.

ಹೀಗೆ ಊಹಿಸಿದ ಪದದಿಂದ ತರ್ಕವನ್ನು ಮುಂದುವರಿಸಿ, ವಿರೋಧಾಭಾಸಕ್ಕೆ ಎಡೆಗೊಡುವ ಜೋಡಣೆಗಳನ್ನು ವೇಗವಾಗಿ ತಳ್ಳಿಹಾಕುವ ಬಾಂಬ್ ಎಂಬ ವಿದ್ಯುತ್-ಯಾಂತ್ರಿಕ ಸಾಧನವನ್ನು ಟ್ಯೂರಿಂಗ್ ವಿನ್ಯಾಸಗೊಳಿಸಿದರು. ಸ್ಫೋಟಕಕ್ಕೂ ಇದಕ್ಕೂ ಸಂಬಂಧವಿಲ್ಲ; ಪೋಲೆಂಡಿನವರ ಸಾಧನದ ಹೆಸರನ್ನೇ ಅನುಸರಿಸಿ ಇದನ್ನು ಹಾಗೆ ಕರೆದರು. ಮೊದಲ ಯಂತ್ರ 1940ರ ಮಾರ್ಚ್‌ನಲ್ಲಿ ಸ್ಥಾಪನೆಯಾಯಿತು. ಗಾರ್ಡನ್ ವೆಲ್ಚ್‌ಮನ್ ಸೂಚಿಸಿದ ಸುಧಾರಣೆಯಿಂದ ಮುಂದಿನ ಯಂತ್ರಗಳ ಸಾಮರ್ಥ್ಯ ಬಹಳ ಹೆಚ್ಚಿತು.

ನಿರ್ವಾಹಕರ ಆಲಸ್ಯವೂ ನೆರವಾಯಿತು. ಪ್ರತಿ ಸಂದೇಶಕ್ಕೂ ಮನಬಂದಂತೆ ಅಕ್ಷರಗಳನ್ನು ಆರಿಸಬೇಕಾಗಿದ್ದ ಭೂಸೇನೆ ಮತ್ತು ವಾಯುಸೇನೆಯ ಕೆಲವು ಸಿಬ್ಬಂದಿ ಪರಿಚಿತರ ಹೆಸರಿನ ಅಕ್ಷರಗಳನ್ನೋ ಕೀಲಿಮಣೆಯಲ್ಲಿ ಅಕ್ಕಪಕ್ಕದಲ್ಲಿರುವ ಅಕ್ಷರಗಳನ್ನೋ ಬಳಸುತ್ತಿದ್ದರು. ಇಂದಿನ ಪಾಸ್‌ವರ್ಡ್‌ಗಳಲ್ಲಿ ಕಾಣುವ ದೌರ್ಬಲ್ಯ ಇದೇ. ಯಂತ್ರ ಶತ್ರುವಿನ ಕೈಸೇರಿದರೂ ಕೀಲಿ ಗುಟ್ಟಾಗಿದ್ದರೆ ಸಂದೇಶ ಸುರಕ್ಷಿತವಾಗಿರಬೇಕೆಂಬ ತತ್ತ್ವವನ್ನು ಆಗಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲಿಯೇ ಹೇಳಿದ್ದರು. ಈಗ ಜಾಲಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಎಇಎಸ್ ವಿಧಾನದ ರಚನೆ ಸಂಪೂರ್ಣ ಬಹಿರಂಗವಾಗಿದ್ದು, ಸಂದೇಶದ ಒಂದು ಭಾಗ ತಿಳಿದಿದ್ದರೂ ಕೀಲಿ ಹೊರಬೀಳಬಾರದೆಂಬುದು ಅಂತಹ ವಿಧಾನಗಳಿಗೆ ಮೂಲಭೂತ ನಿಬಂಧನೆಯಾಗಿದೆ.

ನೌಕಾ ಎನಿಗ್ಮಾ

ಜರ್ಮನ್ ನೌಕಾಪಡೆ ಹೆಚ್ಚು ಎಚ್ಚರಿಕೆಯಿಂದಿತ್ತು. ಅದರ ಸಂದೇಶಗಳನ್ನು ಭೇದಿಸುವುದು ಅಸಾಧ್ಯವೆಂದು ಹಲವರು ಕೈಬಿಟ್ಟಿದ್ದ ಕೆಲಸವನ್ನು ಟ್ಯೂರಿಂಗ್ ವಹಿಸಿಕೊಂಡು ಹಟ್ 8 ವಿಭಾಗವನ್ನು ಮುನ್ನಡೆಸಿದರು. ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿಗೆ ಆಹಾರ ಮತ್ತು ಇಂಧನ ತರುವ ಹಡಗುಗಳನ್ನು ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದುದರಿಂದ ಇದು ನಾವಿಕರ ಜೀವದ ಪ್ರಶ್ನೆಯಾಗಿತ್ತು. 1941ರ ಮೇ ತಿಂಗಳಲ್ಲಿ ಯು-110 ಜಲಾಂತರ್ಗಾಮಿಯಿಂದ ವಶಪಡಿಸಿಕೊಂಡ ದಾಖಲೆಗಳು ಕೆಲಸವನ್ನು ಮುಂದೂಡಿದವು ಎನ್ನುವಂತಿಲ್ಲ, ಹಾರಿಸಿದವು. ಸಿಬ್ಬಂದಿಯ ಕೊರತೆಯನ್ನು ಮೇಲಧಿಕಾರಿಗಳು ನಿವಾರಿಸದಿದ್ದಾಗ ಆ ವರ್ಷದ ಅಕ್ಟೋಬರ್‌ನಲ್ಲಿ ಟ್ಯೂರಿಂಗ್ ಮತ್ತು ಮೂವರು ಸಹೋದ್ಯೋಗಿಗಳು ನೇರವಾಗಿ ಪ್ರಧಾನಿ ಚರ್ಚಿಲ್ಲರಿಗೆ ಪತ್ರ ಬರೆದರು. ಚರ್ಚಿಲ್ ಅದಕ್ಕೆ ತಕ್ಷಣ ಸ್ಪಂದಿಸಿದರು.

1942ರ ಫೆಬ್ರುವರಿಯಲ್ಲಿ ಜಲಾಂತರ್ಗಾಮಿಗಳ ಯಂತ್ರಕ್ಕೆ ನಾಲ್ಕನೆಯ ಚಕ್ರ ಸೇರಿದ ಮೇಲೆ ಸುಮಾರು ಹತ್ತು ತಿಂಗಳು ಸಂದೇಶಗಳು ಓದಲಾಗದೆ ಉಳಿದವು. ಮುಳುಗುತ್ತಿದ್ದ ಯು-559ರಿಂದ ಪುಸ್ತಕಗಳನ್ನು ಹೊರತರುವಾಗ ಇಬ್ಬರು ಬ್ರಿಟಿಷ್ ನಾವಿಕರು ಪ್ರಾಣ ಕಳೆದುಕೊಂಡರು. ಆ ಪುಸ್ತಕಗಳಲ್ಲೊಂದು ಹವಾಮಾನ ವರದಿಗಳ ಸಂಕೇತ ಪುಸ್ತಕ; ಅದರಿಂದಲೇ ಡಿಸೆಂಬರ್‌ನಲ್ಲಿ ದಾರಿ ಮತ್ತೆ ತೆರೆಯಿತು.

ಇದೇ ಯುದ್ಧದಲ್ಲಿ ಜಪಾನಿನ ಸೈನಿಕ ಸಂದೇಶಗಳನ್ನು ಆಲಿಸುವ ಕೇಂದ್ರ ದೆಹಲಿಯಲ್ಲಿದ್ದು, ಅದರ ಒಂದು ಉಪಕೇಂದ್ರ ಬೆಂಗಳೂರಿನಲ್ಲಿತ್ತು. ಅಲ್ಲಿನ ಕೆಲಸಕ್ಕೂ ಟ್ಯೂರಿಂಗ್‌ರಿಗೂ ನೇರ ಸಂಬಂಧವಿರಲಿಲ್ಲ.

ಮುಂದಿನ ಕಾರ್ಯ

1942–43ರಲ್ಲಿ ಅಮೆರಿಕಕ್ಕೆ ಹೋದಾಗ ಬೆಲ್ ಪ್ರಯೋಗಾಲಯದಲ್ಲಿ ಕ್ಲಾಡ್ ಶಾನನ್‌ರನ್ನು ಭೇಟಿಯಾದರು. ಹಿಂದಿರುಗಿ ದೂರವಾಣಿಯ ಮಾತನ್ನು ಗೂಢಗೊಳಿಸುವ ಡಿಲೈಲಾ ಎಂಬ ಸಾಧನವನ್ನು ನಿರ್ಮಿಸಿದರು. ಯುದ್ಧ ಮುಗಿದುದರಿಂದ ಅದು ಬಳಕೆಗೆ ಬರಲಿಲ್ಲ. ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಎಸಿಇ ಗಣಕದ ವಿನ್ಯಾಸ ರೂಪಿಸಿ, 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ಸೇರಿದರು. ಯಂತ್ರಗಳು ಯೋಚಿಸಬಲ್ಲವೇ ಎಂಬುದನ್ನು ಚರ್ಚಿಸಿದ ಪ್ರಬಂಧ 1950ರಲ್ಲಿ ಪ್ರಕಟವಾಯಿತು. 1951ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು.

ಶಿಕ್ಷೆ ಮತ್ತು ಮರಣ

1952ರಲ್ಲಿ ಸಲಿಂಗ ಸಂಬಂಧದ ಕಾರಣಕ್ಕೆ, 1885ರ ಕಾನೂನಿನಡಿ ಟ್ಯೂರಿಂಗ್ ಅಪರಾಧಿಯೆಂದು ತೀರ್ಮಾನವಾಯಿತು. ಸೆರೆವಾಸದ ಬದಲು ಒಂದು ವರ್ಷ ಹಾರ್ಮೋನ್ ಚಿಕಿತ್ಸೆಗೆ ಒಳಗಾಗಬೇಕಾಯಿತು. ಗೂಢಲಿಪಿಯ ಸರ್ಕಾರಿ ಕೆಲಸಕ್ಕೆ ಬೇಕಾದ ಅನುಮತಿಯೂ ರದ್ದಾಯಿತು. ತನ್ನ ಯುದ್ಧಸೇವೆ ಗುಟ್ಟಾಗಿಯೇ ಇದ್ದುದರಿಂದ ನ್ಯಾಯಾಲಯದಲ್ಲಿ ಅದನ್ನು ವಿವರಿಸುವ ಅವಕಾಶವೂ ಅವರಿಗಿರಲಿಲ್ಲ. 1954ರ ಜೂನ್ 7ರಂದು ವಿಲ್ಮ್‌ಸ್ಲೋದ ಮನೆಯಲ್ಲಿ ಸಯನೈಡ್ ವಿಷದಿಂದ ಮರಣ ಹೊಂದಿದರು. ವಿಚಾರಣೆಯು ಆತ್ಮಹತ್ಯೆ ಎಂದು ನಿರ್ಣಯಿಸಿತು; ತಾಯಿ ಅದನ್ನು ಆಕಸ್ಮಿಕವೆಂದೇ ನಂಬಿದ್ದರು.

ಮರಣೋತ್ತರ ಮನ್ನಣೆ

1966ರಿಂದ ಗಣಕ ವಿಜ್ಞಾನದ ಅತ್ಯುನ್ನತ ಪ್ರಶಸ್ತಿಯನ್ನು ಟ್ಯೂರಿಂಗ್ ಹೆಸರಿನಲ್ಲಿ ನೀಡಲಾಗುತ್ತಿದೆ. 2009ರಲ್ಲಿ ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರದ ಪರವಾಗಿ ಕ್ಷಮೆ ಕೋರಿದರು; 2013ರಲ್ಲಿ ರಾಜಕ್ಷಮೆ ದೊರೆಯಿತು. ಬ್ರಿಟಿಷರು ಭಾರತದಲ್ಲಿ ಜಾರಿಗೊಳಿಸಿದ್ದ ಇದೇ ಬಗೆಯ 377ನೆಯ ವಿಧಿ ವಯಸ್ಕರ ಸಮ್ಮತಿಯ ಸಂಬಂಧಗಳಿಗೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿತು. 2021ರಲ್ಲಿ 50 ಪೌಂಡಿನ ನೋಟಿನ ಮೇಲೆ ಟ್ಯೂರಿಂಗ್‌ರ ಚಿತ್ರ ಬಂದಿತು. ಗೂಢಲಿಪಿಗೆ ಸಂಭಾವ್ಯತೆಯ ಗಣಿತವನ್ನು ಅನ್ವಯಿಸಿ ಅವರು ಯುದ್ಧಕಾಲದಲ್ಲಿ ಬರೆದ ಎರಡು ಪ್ರಬಂಧಗಳನ್ನು ಬ್ರಿಟನ್ನಿನ ಗುಪ್ತಚರ ಸಂಸ್ಥೆ ಸುಮಾರು 70 ವರ್ಷ ಗುಟ್ಟಾಗಿಟ್ಟಿತ್ತು. ಅವರ ಜನ್ಮಶತಮಾನದ ವರ್ಷವಾದ 2012ರಲ್ಲಿ ಅವು ಸಾರ್ವಜನಿಕರ ಓದಿಗೆ ಲಭ್ಯವಾದವು.