ಸರೋವರದ ನಗರ, ಕಡಲಾಚೆಯ ಸೀಮೆ

ಕೆಲವು ವರ್ಷಗಳ ಹಿಂದೆ ನನಗೆ ದೂರದ ತಾಲ್ಲೂಕಿನ ಕಾಲೇಜೊಂದಕ್ಕೆ ವರ್ಗವಾಯಿತು. ಅದನ್ನು ನಾನು ಶಿಕ್ಷೆಯೆಂದೇ ಬಗೆದೆ. ಪೆಟ್ಟಿಗೆಯಿಂದ ಪುಸ್ತಕಗಳನ್ನು ಹೊರತೆಗೆಯಲೂ ಮನಸ್ಸಾಗಲಿಲ್ಲ. ಆ ದಿನಗಳಲ್ಲಿಯೇ ಚೀನಾದ ಮಹಾಕವಿ ಸು ಷಿಯ ಚರಿತ್ರೆಯನ್ನು ಓದಿದೆ.

ಸು ಷಿ ಹುಟ್ಟಿದ್ದು 1037ರಲ್ಲಿ, ಸಿಚುವಾನ್ ಪ್ರಾಂತದ ಮೇಯ್‌ಷಾನ್‌ನಲ್ಲಿ. ಇಪ್ಪತ್ತರ ಹರೆಯದಲ್ಲಿಯೇ ಸಾಮ್ರಾಜ್ಯದ ಅತ್ಯುನ್ನತ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಮಂತ್ರಿ ವಾಂಗ್ ಆನ್‌ಷಿಯ ಹೊಸ ಶಾಸನಗಳನ್ನು ವಿರೋಧಿಸಿದ್ದು ಆತನ ಬಾಳಿಗೆ ಮುಳುವಾಯಿತು. 1079ರಲ್ಲಿ ಕವಿತೆಗಳಲ್ಲಿ ರಾಜನಿಂದೆಯಿದೆಯೆಂದು ಸೆರೆಮನೆಗೆ ತಳ್ಳಿ, ಅಲ್ಲಿಂದ ಹುವಾಂಗ್‌ಚೌಗೆ ಗಡೀಪಾರು ಮಾಡಿದರು. ಅಲ್ಲಿ ಪೂರ್ವದ ಇಳಿಜಾರಿನ ಪಾಳುನೆಲವನ್ನು ತಾನೇ ಉತ್ತು ಬೆಳೆದನು. ದೊಂಗ್‌ಪೊ, ಅಂದರೆ ಪೂರ್ವದ ಇಳಿಜಾರು, ಎಂಬ ಹೆಸರು ಆತನಿಗೆ ಬಂದುದು ಆ ಹೊಲದಿಂದ.

1089ರಲ್ಲಿ ಕಾಲಚಕ್ರ ತಿರುಗಿ ಆತನು ಹಾಂಗ್‌ಚೌ ನಗರದ ಅಧಿಪತಿಯಾದನು. ಕಡಲಿನ ಸಮೀಪದ ಆ ನಗರದ ಬಾವಿಗಳಲ್ಲಿ ಉಪ್ಪುನೀರು. ಜನರಿಗೆ ಸಿಹಿನೀರಿನ ಆಸರೆ ಪಶ್ಚಿಮ ಸರೋವರವೊಂದೇ. ಅದೋ, ಅರ್ಧಕ್ಕರ್ಧ ಕಳೆಯಿಂದ ಮುಚ್ಚಿಹೋಗಿತ್ತು. ಸು ಷಿ ಕಳೆ ಕೀಳಿಸಿ, ಹೂಳು ತೆಗೆಸಿದನು. ಆ ಹೂಳಿನಿಂದಲೇ ಸರೋವರದ ಒಂದು ದಡದಿಂದ ಇನ್ನೊಂದು ದಡಕ್ಕೆ ಸುಮಾರು ಮೂರು ಕಿಲೋಮೀಟರು ಉದ್ದದ ಏರಿಯನ್ನು ಹಾಕಿಸಿ, ಅದಕ್ಕೆ ಆರು ಸೇತುವೆಗಳನ್ನು ಕಟ್ಟಿಸಿದನು. ಬಡರೋಗಿಗಳಿಗಾಗಿ ತೆರೆದ ಆಸ್ಪತ್ರೆಗೆ ತನ್ನ ಸ್ವಂತ ಹಣವನ್ನೂ ಕೊಟ್ಟನು. ಆ ಏರಿ ಇಂದಿಗೂ ಆತನ ಹೆಸರಿನಲ್ಲಿಯೇ ಇದೆ.

ಆದರೆ ರಾಜಧಾನಿಯ ಗಾಳಿ ಮತ್ತೆ ಬದಲಾಯಿತು. 1094ರಲ್ಲಿ ದಕ್ಷಿಣದ ಹುಯಿಚೌಗೆ, 1097ರಲ್ಲಿ ಕಡಲು ದಾಟಿಸಿ ಹೈನಾನ್ ದ್ವೀಪದ ದಾನ್‌ಚೌಗೆ ಅಟ್ಟಿದರು. ಲೀ ಬುಡಕಟ್ಟಿನವರ ನೆಲೆಯಾದ ಆ ಸೀಮೆಗೆ ಕಳುಹುವುದೆಂದರೆ ಮರಣದಂಡನೆಗೆ ಒಂದೇ ಮೆಟ್ಟಿಲು ಕೆಳಗಿನ ಶಿಕ್ಷೆ. ಅರವತ್ತರ ಕವಿಯ ಜೊತೆಗೆ ಹೋದವನು ಕಿರಿಯ ಮಗ ಸು ಗುವೊ. ಇದ್ದ ಸರಕಾರಿ ವಸತಿಯಿಂದಲೂ ಅವರನ್ನು ಹೊರಹಾಕಿದಾಗ ಊರಿನವರು ತಾಳೆಮರಗಳ ನಡುವೆ ಹುಲ್ಲಿನ ಗುಡಿಸಲೊಂದನ್ನು ಕಟ್ಟಿಕೊಳ್ಳಲು ನೆರವಾದರು. ಅಲ್ಲಿ ಆತನು ತರುಣರಿಗೆ ಪಾಠ ಹೇಳಿದನು. ಪ್ರಾಚೀನ ಗ್ರಂಥಗಳಿಗೆ ಬರೆಯುತ್ತಿದ್ದ ವ್ಯಾಖ್ಯಾನಗಳನ್ನು ಮುಗಿಸಿದನು. ಆತನು ದ್ವೀಪ ಬಿಟ್ಟ ಒಂಬತ್ತು ವರ್ಷಗಳ ಮೇಲೆ, 1109ರಲ್ಲಿ, ಆ ಸೀಮೆಯ ಫೂ ಚ್ಯುಯೆ ಎಂಬವನು ಸಾಮ್ರಾಜ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾದನು.

1100ರಲ್ಲಿ ಕ್ಷಮಾದಾನ ದೊರೆತು ಸು ಷಿ ಉತ್ತರಕ್ಕೆ ಹೊರಟನು; ಮರುವರ್ಷ ಚಾಂಗ್‌ಚೌನಲ್ಲಿ ತೀರಿಕೊಂಡನು. ಸಾವಿಗೆ ಕೆಲವು ತಿಂಗಳ ಮೊದಲು ಬರೆದ ಕಿರುಗವಿತೆಯೊಂದರಲ್ಲಿ ಆತನು ತನ್ನ ಬಾಳಿನ ಸಾಧನೆಯ ಲೆಕ್ಕ ಹಾಕಿದ್ದಾನೆ. ಅಲ್ಲಿ ಹಾಂಗ್‌ಚೌನ ಹೆಸರಿಲ್ಲ. ಇರುವುವು ಹುವಾಂಗ್‌ಚೌ, ಹುಯಿಚೌ, ದಾನ್‌ಚೌ. ತನ್ನನ್ನು ಅಟ್ಟಿದ ಮೂರು ಊರುಗಳು ಮಾತ್ರ. ಅದರಲ್ಲಿ ವ್ಯಂಗ್ಯವಿದೆಯೆಂದು ವಿದ್ವಾಂಸರು ಹೇಳುತ್ತಾರೆ, ಇರಬಹುದು. ಆದರೆ ನಾಡಿನ ಕೊನೆಯಲ್ಲಿ ಕುಳಿತು ಪಾಠ ಹೇಳಿದವನ ಮಾತನ್ನು ನಾನು ನಿಜವೆಂದೇ ನಂಬಿದೆ. ಮರುದಿನ ಬೆಳಗ್ಗೆ ಪೆಟ್ಟಿಗೆ ತೆರೆದು ಪುಸ್ತಕಗಳನ್ನು ಗೂಡಿನಲ್ಲಿ ಜೋಡಿಸಿದೆ.