ಬರ ಕಂಡ ದಿವಾನರು

ಚಿತ್ರದುರ್ಗದ ಸೀಮೆಯಲ್ಲಿ ಧಾತು ಬರವೆಂದರೆ ಹಿಂದಿನ ತಲೆಮಾರಿನವರ ಮೈ ನಡುಗುತ್ತಿತ್ತು. 1876ರ ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟಿತು. ಮರುವರ್ಷವೂ ಸಂಕಟ ನೀಗಲಿಲ್ಲ. ರಾಗಿ, ಜೋಳದ ಹೊಲಗಳು ಒಣಗಿದವು, ಕೆರೆಗಳು ಬತ್ತಿದವು. ಮೇವಿಲ್ಲದೆ ಎತ್ತುಗಳು ಸತ್ತುದರಿಂದ ಧಾನ್ಯ ತರಬೇಕಾದ ಗಾಡಿಗಳೂ ನಿಂತವು. ಹೊಲದಲ್ಲಿ ಕೆಲಸವಿಲ್ಲ, ಕೂಲಿಯಿಲ್ಲ. ಪೇಟೆಯಲ್ಲಿ ಕಾಳು ಇದ್ದ ಕಡೆಯೂ ಅದನ್ನು ಕೊಳ್ಳಲು ಬಡವನ ಕೈಯಲ್ಲಿ ಕಾಸಿರಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಇತ್ತು. 1881ರಲ್ಲಿ ಅದು 41,86,188ಕ್ಕೆ ಇಳಿದಿತ್ತು. ಇದು ಬರೀ ಅಂಕಿಯಲ್ಲ, ದೀಪ ಹಚ್ಚುವವರಿಲ್ಲದೆ ಹೋದ ಮನೆಗಳ ಲೆಕ್ಕ.

ಆ ದಿನಗಳಲ್ಲಿ ಮೈಸೂರು ಸರಕಾರದ ನೌಕರಿಯಲ್ಲಿದ್ದವರಲ್ಲಿ ಕೆ. ಶೇಷಾದ್ರಿ ಅಯ್ಯರ್ ಒಬ್ಬರು. ಅವರು ಪಾಲಕ್ಕಾಡಿನ ಕಡೆಯವರು, 1845ರಲ್ಲಿ ಹುಟ್ಟಿದರು. ಅದೇ ವರ್ಷ ದೂರದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗಲಿ ಮಹಾ ಕ್ಷಾಮ ಆರಂಭವಾಯಿತು. ಅಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. ತುರ್ಕಿಯ ಸುಲ್ತಾನ್ ಅಬ್ದುಲ್ ಮಜೀದ್ 1847ರಲ್ಲಿ ಅವರಿಗಾಗಿ 1,000 ಪೌಂಡ್ ಕಳುಹಿಸಿದ್ದರು. ಐರ್ಲೆಂಡಿನ ಜನ ಸಾಯುತ್ತಿದ್ದಾಗಲೂ ಅಲ್ಲಿಂದ ಧಾನ್ಯ ಹೊರಗೆ ಹೋಗುತ್ತಿತ್ತು. ನಮ್ಮ ಬರಗಾಲದಲ್ಲಿ ಹಿಂದೂಸ್ತಾನದಿಂದಲೂ ಹೋಯಿತು. ಎರಡೂ ಕಡೆ ಆಳುತ್ತಿದ್ದವರು ಆಂಗ್ಲರೇ.

ರಂಗಾಚಾರ್ಲು ತೀರಿಕೊಂಡ ನಂತರ 1883ರಲ್ಲಿ ಶೇಷಾದ್ರಿ ಅಯ್ಯರ್ ದಿವಾನರಾದರು. ಬರಗಾಲಕ್ಕಾಗಿ ಮಾಡಿದ 80 ಲಕ್ಷ ರೂಪಾಯಿಯ ಸಾಲ ಸಂಸ್ಥಾನದ ತಲೆಯ ಮೇಲಿತ್ತು. ಹಾಗೆಂದು ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಕಾಳು ಸಾಗಲು ದಾರಿ ಬೇಕೆಂಬುದನ್ನು ಬರ ಕಲಿಸಿತ್ತು. 1889ರ ಹೊತ್ತಿಗೆ ರೈಲುದಾರಿ ಹೊಸದುರ್ಗ, ಹೊಳಲ್ಕೆರೆ ಸೀಮೆಯನ್ನು ಹಾದು ಹರಿಹರ ಮುಟ್ಟಿತು. ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದದ್ದೂ, ಶಿವನಸಮುದ್ರದ ವಿದ್ಯುತ್ತಿನ ಯೋಜನೆ ಮೊದಲಾದದ್ದೂ ಅವರ ಕಾಲದಲ್ಲೇ.

ಆದರೆ ನಮ್ಮ ಜಿಲ್ಲೆಯವರು ಅವರನ್ನು ನೆನೆಯಬೇಕಾದದ್ದು ಮಾರಿಕಣಿವೆಗಾಗಿ. ಬಾಬಾಬುಡನ್‌ಗಿರಿಯ ಕಡೆಯಿಂದ ಬರುವ ವೇದಾವತಿ ಹೊಸದುರ್ಗ ತಾಲೂಕನ್ನು ದಾಟಿ, ಹಿರಿಯೂರಿನ ಬಳಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಗ್ಗುತ್ತಿತ್ತು. ಮಳೆ ಬಂದ ವರ್ಷವೂ ಆ ನೀರು ನಿಲ್ಲದೆ ಹರಿದುಹೋಗುತ್ತಿತ್ತು. ಅಲ್ಲಿ ಕಲ್ಲಿನ ಅಣೆಕಟ್ಟು ಕಟ್ಟುವ ಕೆಲಸ 1890ರ ದಶಕದ ಕೊನೆಯಲ್ಲಿ ಆರಂಭವಾಯಿತು. ಆಗ ರಾಜ್ಯ ನಡೆಸುತ್ತಿದ್ದವರು ಮಹಾರಾಣಿ ವಾಣಿವಿಲಾಸ ಸನ್ನಿಧಾನ. ಜಲಾಶಯಕ್ಕೆ ಅವರ ಹೆಸರೇ ಬಂತು. ಇದಕ್ಕಾಗಿ ಹಳ್ಳಿಗಳು ಮುಳುಗಿದವು, ಹೊಲ ಮನೆ ಬಿಟ್ಟು ಎದ್ದುಹೋದವರ ಕಷ್ಟವನ್ನೂ ಮರೆಯಬಾರದು.

ಶೇಷಾದ್ರಿ ಅಯ್ಯರ್ 1901ರಲ್ಲಿ ದಿವಾನಗಿರಿ ಬಿಟ್ಟರು, ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅಣೆಕಟ್ಟು ಪೂರ್ಣವಾದದ್ದು 1907ರಲ್ಲಿ. ಕಾಲುವೆಯಲ್ಲಿ ನೀರು ಹರಿದುದನ್ನು ಅವರು ನೋಡಲಿಲ್ಲ. ಜಲಾಶಯವೂ ಸುಲಭಕ್ಕೆ ತುಂಬುವಂಥದ್ದಲ್ಲ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ 130 ಅಡಿ ತುಂಬಿ ಹರಿಯಲು 2022 ಬರಬೇಕಾಯಿತು. ತುಂಬದ ವರ್ಷಗಳಲ್ಲೂ ಹಿರಿಯೂರಿನ ತೆಂಗು, ಅಡಿಕೆ ತೋಟಗಳಿಗೆ ಅದೇ ಆಸರೆ. ಚಿತ್ರದುರ್ಗ ಪಟ್ಟಣದ ನಲ್ಲಿಗಳಿಗೂ ಅಲ್ಲಿಂದಲೇ ನೀರು ಬರುತ್ತದೆ.